ಮದ್ದಿಗೆ ಮಣಿಯದ ಗಾಯ: ಎಂಟು ದಶಕಗಳ ಒಂದು ಚರಿತ್ರೆ

ತಾಯ್ನಾಡಿಗೆ ಹೋಗಿ ಮರಳುವ ನಮ್ಮೆಲ್ಲರ ಪೆಟ್ಟಿಗೆಗಳಲ್ಲಿ ಇರುವ ಸಾಮಾನುಗಳು ಬಹುಮಟ್ಟಿಗೆ ಒಂದೇ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಒಂದೆರಡು ರೇಷ್ಮೆ ಸೀರೆ, ಮಕ್ಕಳು ಎಂದಾದರೂ ಓದಿಯಾರೆಂಬ ಆಸೆಯಿಂದ ಕೊಂಡ ಕನ್ನಡ ಪುಸ್ತಕಗಳು. ಇವುಗಳ ನಡುವೆ, ಸೀರೆಯ ಮಡಿಕೆಯೊಳಗೆ ಜೋಪಾನವಾಗಿ ಇರಿಸಿದ ಇನ್ನೊಂದು ಪೊಟ್ಟಣವೂ ಇರುತ್ತದೆ. ಊರಿನ ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಂಡ ಆಂಟಿಬಯೋಟಿಕ್ ಮಾತ್ರೆಗಳ ಪೊಟ್ಟಣ ಅದು. ಇಲ್ಲಿ ಅಮೆರಿಕದಲ್ಲಿ ವೈದ್ಯರನ್ನು ಕಾಣಲು ದಿನಗಟ್ಟಲೆ ಕಾಯಬೇಕು, ಕಂಡರೆ ಬಿಲ್ಲಿಗೆ ಹೆದರಬೇಕು. ಕೈಯಲ್ಲಿ ನಾಲ್ಕು ಮಾತ್ರೆ ಇದ್ದರೆ ಧೈರ್ಯ ಎಂಬುದು ನಮ್ಮ ಲೆಕ್ಕಾಚಾರ. ನಾನೂ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹೀಗೆಯೇ ತಂದಿಟ್ಟುಕೊಂಡವಳು. ಪರಿಚಯದವರ ಮನೆಯಲ್ಲಿ ಮಗುವಿಗೆ ನೆಗಡಿ ಎಂದರೂ ಆ ಡಬ್ಬಿಯ ಮುಚ್ಚಳ ತೆರೆದು ಉಪಕಾರ ಮಾಡಿದೆನೆಂದು ಹಿಗ್ಗಿದವಳು.

2018ರ ಮಳೆಗಾಲದಲ್ಲಿ ಹಾಸನದ ಬಳಿ ನಮ್ಮೂರಿನಲ್ಲಿದ್ದ ನನ್ನ ತಾಯಿಯವರ ಕಾಲಿಗೆ ಒಂದು ಸಣ್ಣ ಗಾಯವಾಯಿತು. ಸಕ್ಕರೆ ಕಾಯಿಲೆಯ ದೇಹ. ಹೊಸ ಚಪ್ಪಲಿ ಕಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ನಾನು ಊರು ತಲುಪುವ ವೇಳೆಗೆ ಗಾಯದಲ್ಲಿ ಕೀವು ತುಂಬಿ, ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು. ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದ ಎರಡು ಮೂರು ದಿನಗಳಲ್ಲಿ ಒಂದು ಹಾಳೆ ಬಂದಿತು. ಎಡಗಡೆ ಹದಿನಾಲ್ಕು ಔಷಧಗಳ ಹೆಸರು, ಬಲಗಡೆ ಒಂದೊಂದರ ಮುಂದೆ ಒಂದೊಂದು ಇಂಗ್ಲಿಷ್ ಅಕ್ಷರ. ‘ಎಸ್’ ಎಂದಿದ್ದರೆ ರೋಗಾಣು ಆ ಔಷಧಕ್ಕೆ ಮಣಿಯುತ್ತದೆ, ‘ಆರ್’ ಎಂದಿದ್ದರೆ ಮಣಿಯುವುದಿಲ್ಲ. ಹತ್ತು ಹೆಸರುಗಳ ಮುಂದೆ ‘ಆರ್’ ಇತ್ತು. ಆ ಹತ್ತರಲ್ಲಿ ಮೂರು ನನಗೆ ಚೆನ್ನಾಗಿ ಪರಿಚಿತವಾದ ಹೆಸರುಗಳು. ಅವು ನನ್ನ ಡಬ್ಬಿಯಲ್ಲಿದ್ದವು.

“ಅಮ್ಮನವರು ಹಿಂದೆ ಯಾವ್ಯಾವ ಮಾತ್ರೆ ತಗೊಂಡಿದ್ದಾರೆ, ನೆನಪಿದೆಯೇನಮ್ಮ?” ಎಂದು ವೈದ್ಯರು ಕೇಳಿದರು. ಉತ್ತರವನ್ನು ನನ್ನ ತಾಯಿಯೇ ಕೊಟ್ಟರು. “ಜ್ವರ ಬಂದ್ರೆ ಅಂಗಡಿ ಹುಡುಗ ನಾಲ್ಕು ಕೊಡ್ತಿದ್ದ. ಎರಡು ನುಂಗಿದ್ರೆ ವಾಸಿ ಆಗೋದು, ಇನ್ನೆರಡು ಎತ್ತಿಟ್ಕೊಳ್ತಿದ್ದೆ. ಡಬ್ಬಿಲಿರೋದು ತಗೋ ಅಂತ ನೀನೇ ಫೋನಲ್ಲಿ ಹೇಳ್ತಿರಲಿಲ್ವೇನೆ?”

ನಾನು ತಲೆ ತಗ್ಗಿಸಿದೆ. ಈ ರೋಗಾಣು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಹೊರಗಿನಿಂದಲೂ ಬಂದಿರಬಹುದು, ಆಸ್ಪತ್ರೆಯಿಂದಲೂ ಅಂಟಿರಬಹುದು ಎಂದು ವೈದ್ಯರು ಸಮಾಧಾನ ಹೇಳಿದರು. ಕೊನೆಗೆ ಉಳಿದ ಔಷಧಗಳಲ್ಲೊಂದು ಕೆಲಸ ಮಾಡಿತು. ಎರಡು ಬೆರಳುಗಳನ್ನು ಕಳೆದುಕೊಂಡು, ನಾಲ್ಕು ತಿಂಗಳ ಶುಶ್ರೂಷೆಯ ನಂತರ ಅಮ್ಮ ಮನೆಯಂಗಳದಲ್ಲಿ ನಡೆದಾಡಿದರು.

ನಾನು ವೈದ್ಯಳಲ್ಲ, ವಿಜ್ಞಾನ ಓದಿದವಳೂ ಅಲ್ಲ. ಇತಿಹಾಸವನ್ನು ಐಚ್ಛಿಕವಾಗಿ ಓದಿ ಬಿ.ಎ. ಪದವಿ ಪಡೆದ ಗೃಹಿಣಿ. ಆದರೆ ಆ ಹಾಳೆಯ ಹತ್ತು ‘ಆರ್’ಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಲ್ಲಿಗೆ ಮರಳಿದ ಮೇಲೆ ಊರಿನ ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದಾಗ, ಅದು ವಿಜ್ಞಾನದ ಪ್ರಶ್ನೆಯಷ್ಟೇ ಇತಿಹಾಸದ ಪ್ರಶ್ನೆಯೂ ಹೌದೆಂಬುದು ಮನವರಿಕೆಯಾಯಿತು. ಓದಿ ತಿಳಿದುದನ್ನು ಸಮ್ಮೇಳನದ ಬಂಧುಗಳ ಮುಂದಿರಿಸುವುದು ಈ ಲೇಖನದ ಉದ್ದೇಶ.

ಗಾಯವೆಂಬುದು ಮನುಷ್ಯನಷ್ಟೇ ಹಳೆಯದು. ನಮ್ಮ ಸುಶ್ರುತನು ವ್ರಣಚಿಕಿತ್ಸೆಗೆ ಅರವತ್ತು ಉಪಕ್ರಮಗಳನ್ನು ಹೇಳಿದ್ದಾನೆ. ಜೇನು ಮತ್ತು ತುಪ್ಪವನ್ನು ಗಾಯಕ್ಕೆ ಲೇಪಿಸುವ ವಿಧಾನವೂ ಅವನಲ್ಲಿದೆ. ಆದರೆ ಗಾಯ ಕೀವಾಗುವುದೇಕೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆತದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. 1865ರಲ್ಲಿ ಗ್ಲಾಸ್ಗೊ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಗಾಡಿಯ ಚಕ್ರ ಹಾಯ್ದು ಕಾಲಿನ ಮೂಳೆ ಮುರಿದ ಹನ್ನೊಂದು ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿ, ಕೀವಾಗದಂತೆ ತಡೆದರು. ಗಾಯವನ್ನು ಕೆಡಿಸುವುದು ಕಣ್ಣಿಗೆ ಕಾಣದ ಜೀವಿಗಳೆಂದು 1867ರಲ್ಲಿ ಅವರು ಪ್ರಕಟಿಸಿದರು. 1880ರಲ್ಲಿ ಸ್ಕಾಟ್ಲೆಂಡಿನವರೇ ಆದ ಅಬರ್ಡೀನಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್‌ಟನ್, ರೋಗಿಯೊಬ್ಬನ ಕಾಲಿನ ಕೀವುಗುಳ್ಳೆಯಿಂದ ತೆಗೆದ ಕೀವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡ ದುಂಡು ಕಾಳುಗಳು ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿಗೊಂಚಲಿಗೆ ‘ಸ್ಟಫಿಲೆ’ ಎನ್ನುತ್ತಾರೆ. ಹೀಗೆ ಅದಕ್ಕೆ ಸ್ಟಫಿಲೊಕಾಕಸ್ ಎಂಬ ನಾಮಕರಣವಾಯಿತು. ಅದರ ಒಂದು ಜಾತಿ ಬಂಗಾರದ ಬಣ್ಣದಲ್ಲಿ ಬೆಳೆಯುವುದರಿಂದ 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಅದಕ್ಕೆ ‘ಆರಿಯಸ್’, ಅಂದರೆ ಸ್ವರ್ಣವರ್ಣದ್ದು, ಎಂಬ ವಿಶೇಷಣವನ್ನು ಸೇರಿಸಿದನು. ನನ್ನ ತಾಯಿಯ ಹಾಳೆಯ ತಲೆಬರಹದಲ್ಲಿದ್ದುದು ಇದೇ ಹೆಸರು.

ಈ ಜೀವಿ ಹೊರಗಿನಿಂದ ನುಗ್ಗುವ ಅಪರಿಚಿತ ಶತ್ರುವಲ್ಲ. ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇದು ಸದ್ದಿಲ್ಲದೆ ವಾಸಿಸುತ್ತದೆ. ಚರ್ಮ ಬಿರಿದಾಗ, ಶಸ್ತ್ರಕ್ರಿಯೆ ನಡೆದಾಗ, ಸುಟ್ಟಗಾಯವಾದಾಗ ಒಳಹೊಕ್ಕು ಕೀವು ಮಾಡುತ್ತದೆ. ರಕ್ತವನ್ನು ಸೇರಿದರೆ ಪ್ರಾಣವನ್ನೇ ತೆಗೆಯುತ್ತದೆ.

ಮೊದಲ ಮಹಾಯುದ್ಧದಲ್ಲಿ ಗುಂಡೇಟಿನಿಂದ ಬದುಕುಳಿದ ಎಷ್ಟೋ ಸೈನಿಕರು ಅನಂತರ ಗಾಯ ಕೊಳೆತು ಸತ್ತರು. ಫ್ರಾನ್ಸಿನ ಬೂಲೋನಿನ ಸೇನಾ ಆಸ್ಪತ್ರೆಯಲ್ಲಿ ಇದನ್ನು ಕಣ್ಣಾರೆ ಕಂಡ ಯುವ ವೈದ್ಯರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಒಬ್ಬರು. ಗಾಯಕ್ಕೆ ಸುರಿಯುತ್ತಿದ್ದ ಕ್ರಿಮಿನಾಶಕಗಳು ಆಳದ ಸಂದುಗಳನ್ನು ತಲುಪುವುದಿಲ್ಲ, ಮೇಲಾಗಿ ದೇಹದ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತವೆ ಎಂದು ಅವರು ತೋರಿಸಿದರು. ರೋಗಾಣುವನ್ನು ಕೊಂದು ದೇಹವನ್ನು ಉಳಿಸುವ ವಸ್ತು ಬೇಕಾಗಿತ್ತು. 1928ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ತಮ್ಮ ಪ್ರಯೋಗಾಲಯಕ್ಕೆ ರಜೆ ಮುಗಿಸಿ ಬಂದಾಗ, ಸ್ಟಫಿಲೊಕಾಕಸ್ ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದು, ಅದರ ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಆ ಬೂಷ್ಟಿನ ರಸಕ್ಕೆ ಅವರು ಪೆನಿಸಿಲಿನ್ ಎಂದು ಹೆಸರಿಟ್ಟರು. ಅದನ್ನು ಬೇರ್ಪಡಿಸಿ ಶುದ್ಧಗೊಳಿಸುವ ಕೆಲಸ ಮಾತ್ರ ಹತ್ತು ವರ್ಷ ಕಾದಿತ್ತು.

ಆ ಕೆಲಸವನ್ನು ಕೈಗೆತ್ತಿಕೊಂಡವರು ಆಕ್ಸ್‌ಫರ್ಡಿನ ಹೊವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತು ಸಂಗಡಿಗರು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕ ನಾಲ್ಕೂ ಬದುಕಿದ್ದವು. ಯುದ್ಧಕಾಲದ ಅಭಾವದಲ್ಲಿ ಬೂಷ್ಟು ಬೆಳೆಸಲು ಪಾತ್ರೆಗಳಿಲ್ಲದೆ, ಆಸ್ಪತ್ರೆಯ ಬೆಡ್‌ಪ್ಯಾನಿನ ಆಕಾರದಲ್ಲಿ ಪಿಂಗಾಣಿ ಪಾತ್ರೆಗಳನ್ನು ಮಾಡಿಸಿದರು. ಅವುಗಳಲ್ಲಿ ಬೂಷ್ಟನ್ನು ಬಿತ್ತಿ, ರಸವನ್ನು ಹೀರಿ ತೆಗೆಯುತ್ತಿದ್ದವರು ಆರು ಮಂದಿ ತರುಣಿಯರು. ಹುದುಗು ಬರಿಸುವುದು, ಸೋಸುವುದು, ಕೆಡದಂತೆ ಕಾಯುವುದು ಅಡಿಗೆಮನೆಯವರಿಗೆ ಹೊಸದಲ್ಲ. ಜಗತ್ತಿನ ಮಹೌಷಧಿಯೊಂದರ ಮೊದಲ ಹನಿಗಳು ಇಂಥ ಕೈಗಳಿಂದಲೇ ಇಳಿದುವೆಂಬುದನ್ನು ಓದಿ ನನಗೆ ಸಂತೋಷವಾಯಿತು.

1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಈ ಔಷಧವನ್ನು ಕೊಡಲಾಯಿತು. ಮುಖದ ಒಂದು ಗೀರುಗಾಯ ಕೀವಾಗಿ, ಒಂದು ಕಣ್ಣನ್ನು ತೆಗೆಯಬೇಕಾಗಿ ಬಂದು, ಆತ ಸಾವಿನ ಅಂಚಿನಲ್ಲಿದ್ದ. ಗುಲಾಬಿಯ ಮುಳ್ಳು ತರಚಿತೆಂಬುದು ಪ್ರಚಲಿತ ಕಥೆ. ಬಾಂಬ್ ದಾಳಿಯಲ್ಲಾದ ಗಾಯವೆಂದು ಅನಂತರದ ಸಂಶೋಧಕರು ಹೇಳುತ್ತಾರೆ. ಒಂದು ದಿನದಲ್ಲಿಯೇ ಜ್ವರ ಇಳಿಯತೊಡಗಿತು, ಆತ ಊಟ ಮಾಡತೊಡಗಿದ. ಆದರೆ ಔಷಧದ ದಾಸ್ತಾನು ಅತ್ಯಲ್ಪ. ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ಐದು ದಿನಗಳಲ್ಲಿ ಅದು ಮುಗಿದುಹೋಯಿತು. ಮಾರ್ಚ್ 15ರಂದು ಆತ ತೀರಿಕೊಂಡ. ಒಂದೊಂದು ಕಣಕ್ಕೂ ಇಷ್ಟು ಬೆಲೆಯಿದ್ದ ಔಷಧ ಇದೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಅದೇ ವರ್ಷ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಬಂದರು. ಇಲಿನಾಯ್ ರಾಜ್ಯದ ಪಿಯೋರಿಯಾದ ಸರ್ಕಾರಿ ಪ್ರಯೋಗಾಲಯದಲ್ಲಿ ಜೋಳದ ಪಿಷ್ಟ ತೆಗೆದ ಮೇಲೆ ಉಳಿಯುವ ದ್ರವದಲ್ಲಿ ಬೂಷ್ಟು ಸಮೃದ್ಧವಾಗಿ ಬೆಳೆಯುವುದೆಂದು ತಿಳಿಯಿತು. ಅಲ್ಲಿನ ಮಾರುಕಟ್ಟೆಯ ಕೊಳೆತ ಕರ್ಬೂಜ ಹಣ್ಣೊಂದರಿಂದ 1943ರಲ್ಲಿ ಇನ್ನೂ ಶಕ್ತವಾದ ಬೂಷ್ಟು ದೊರೆಯಿತು. 1944ರ ವೇಳೆಗೆ ಯುದ್ಧಭೂಮಿಯ ಗಾಯಾಳುಗಳಿಗೆ ಪೆನಿಸಿಲಿನ್ ಹೇರಳವಾಗಿ ಒದಗಿತು. 1945ರಲ್ಲಿ ಅಮೆರಿಕದ ಔಷಧದಂಗಡಿಗಳಲ್ಲಿ ಸಾರ್ವಜನಿಕರಿಗೂ ಸಿಗುವಂತಾಯಿತು.

ಇಲ್ಲಿಯವರೆಗಿನ ಕಥೆ ನಮ್ಮಲ್ಲಿ ಹಲವರಿಗೆ ಶಾಲೆಯ ಪಾಠದಿಂದ ಗೊತ್ತು. ಪಾಠದಲ್ಲಿ ಬಾರದ ಕಥೆಯೊಂದು ಇದರ ಜೊತೆಜೊತೆಗೇ ನಡೆದಿತ್ತು. 1940ರ ಡಿಸೆಂಬರಿನಲ್ಲಿ, ಅಂದರೆ ಆ ಪೊಲೀಸ್ ಪೇದೆಗೆ ಮೊದಲ ಚುಚ್ಚುಮದ್ದು ಕೊಡುವುದಕ್ಕೂ ಮುಂಚೆ, ಚೈನ್ ಮತ್ತು ಎಡ್ವರ್ಡ್ ಅಬ್ರಹಾಂ ಒಂದು ಕಿರುಲೇಖನ ಪ್ರಕಟಿಸಿದ್ದರು. ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವೊಂದನ್ನು ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ ಎಂಬುದು ಅದರ ಸಾರ. 1942ರಲ್ಲಿ ಪೆನಿಸಿಲಿನ್ನಿಗೆ ಬಗ್ಗದ ಸ್ಟಫಿಲೊಕಾಕಸ್ ಅಮೆರಿಕದ ರೋಗಿಗಳಲ್ಲಿ ಕಂಡಿತು. ಯುದ್ಧದ ಗಡಿಬಿಡಿಯಲ್ಲಿ ಇದಕ್ಕೆ ಹೆಚ್ಚಿನ ಗಮನ ಸಿಗಲಿಲ್ಲ.

ಗಮನ ಸೆಳೆದವರು ಸ್ವತಃ ಫ್ಲೆಮಿಂಗ್. 1945ರ ಡಿಸೆಂಬರ್ 11ರಂದು ನೊಬೆಲ್ ಪುರಸ್ಕಾರದ ಸಂದರ್ಭದಲ್ಲಿ ಮಾಡಿದ ಉಪನ್ಯಾಸದ ಕೊನೆಯಲ್ಲಿ ಅವರು ಒಂದು ಸಣ್ಣ ಕಥೆ ಹೇಳಿದರು. ಗಂಟಲು ನೋವೆಂದು ಒಬ್ಬ ಗೃಹಸ್ಥ ತಾನೇ ಪೆನಿಸಿಲಿನ್ ಕೊಂಡು, ರೋಗಾಣು ಸಾಯುವಷ್ಟಲ್ಲದೆ ಅದಕ್ಕೆ ತಾಳಿಕೊಳ್ಳುವ ಪಾಠ ಕಲಿಸುವಷ್ಟು ಮಾತ್ರ ಸೇವಿಸುತ್ತಾನೆ. ಆ ರೋಗಾಣು ಆತನ ಹೆಂಡತಿಗೆ ಅಂಟುತ್ತದೆ. ಆಕೆಗೆ ನ್ಯುಮೋನಿಯಾ ಬರುತ್ತದೆ, ಔಷಧ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರು ಎಂದು ಕೇಳಿ, ಗಂಡನ ಅಜಾಗರೂಕತೆಯೇ ಎಂದು ಅವರೇ ಉತ್ತರಿಸಿದರು. ಪ್ರಶಸ್ತಿಯ ಸಂಭ್ರಮದ ನಡುವೆ, ಔಷಧವನ್ನು ಕಂಡುಹಿಡಿದವರೇ ಕೊಟ್ಟ ಎಚ್ಚರಿಕೆ ಇದು. ನನ್ನ ಡಬ್ಬಿಯ ಕಥೆಯನ್ನು ಎಪ್ಪತ್ತು ವರ್ಷ ಮೊದಲೇ ಯಾರೋ ಬರೆದಿಟ್ಟಂತೆ ನನಗೆ ತೋರಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. “ನನ್ನ ದೇಹಕ್ಕೆ ಆ ಮಾತ್ರೆ ಒಗ್ಗಿಹೋಗಿದೆ” ಎಂದು ನಾವು ಹೇಳುವುದುಂಟು. ಒಗ್ಗಿಹೋಗುವುದು ದೇಹವಲ್ಲ, ಬ್ಯಾಕ್ಟೀರಿಯಾ. ಅನುಕೂಲ ಸನ್ನಿವೇಶದಲ್ಲಿ ಅರ್ಧ ಗಂಟೆಗೊಮ್ಮೆ ಒಂದು ಎರಡಾಗುವ ಈ ಜೀವಿಗಳ ಕೋಟ್ಯಂತರ ಸಂತತಿಯಲ್ಲಿ ಎಲ್ಲೋ ಒಂದಕ್ಕೆ ಆಕಸ್ಮಿಕವಾಗಿ ಔಷಧವನ್ನು ತಡೆದುಕೊಳ್ಳುವ ಗುಣ ಹುಟ್ಟುತ್ತದೆ. ಔಷಧ ಉಳಿದವನ್ನೆಲ್ಲ ಕೊಂದಾಗ ಆ ಒಂದಕ್ಕೆ ಹೊಲವೆಲ್ಲ ತನ್ನದೇ ಆಗುತ್ತದೆ. ಪೈರನ್ನು ಕಿತ್ತು ಕಳೆಗೆ ಜಾಗ ಮಾಡಿಕೊಟ್ಟಂತೆ. ಇಷ್ಟೇ ಅಲ್ಲ, ಈ ಗುಣವನ್ನು ಹೊತ್ತ ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಕೆಲವೊಮ್ಮೆ ಬೇರೆ ಜಾತಿಯದಕ್ಕೂ, ದಾಟಿಸಬಲ್ಲದು. ಆದುದರಿಂದಲೇ ನೆಗಡಿಗೆಂದು ವ್ಯರ್ಥವಾಗಿ ನುಂಗಿದ ಮಾತ್ರೆ ನೆಗಡಿಯ ವೈರಸನ್ನು ಮುಟ್ಟುವುದಿಲ್ಲ. ನಮ್ಮ ಮೂಗು, ಚರ್ಮ, ಕರುಳುಗಳಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಹಟಮಾರಿಗಳನ್ನು ಮಾತ್ರ ಆರಿಸಿ ಉಳಿಸುತ್ತದೆ.

ಫ್ಲೆಮಿಂಗ್ ಹೇಳಿದ್ದು ನಿಜವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ಸೂಕ್ಷ್ಮಜೀವಿ ತಜ್ಞೆ ರೋಗಿಗಳಿಂದ ದೊರೆತ ಸ್ಟಫಿಲೊಕಾಕಸ್ಸನ್ನು ವರ್ಷ ವರ್ಷವೂ ಪರೀಕ್ಷಿಸಿ ಲೆಕ್ಕವಿಟ್ಟರು. 1948ರ ವೇಳೆಗೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೆನಿಸಿಲಿನ್ನಿಗೆ ಬಗ್ಗದವಾಗಿದ್ದವು. ಔಷಧ ಜನಸಾಮಾನ್ಯರಿಗೆ ಸಿಕ್ಕು ಆಗ ಇನ್ನೂ ಮೂರು ನಾಲ್ಕು ವರ್ಷ. ಅಂಥ ತಳಿಗಳು ಆಸ್ಪತ್ರೆಯೊಳಗೆ ಒಬ್ಬರಿಂದೊಬ್ಬರಿಗೆ ಹರಡುತ್ತಿವೆ ಎಂದು ಅವರು ಮನಗಾಣಿಸಿದರು.

ಅದೇ 1948ರಲ್ಲಿ ಅಮೆರಿಕದಲ್ಲಿ ಆರಿಯೋಮೈಸಿನ್ ಎಂಬ ಹೊಸ ಔಷಧ ಬಂದಿತು. ಮಿಸ್ಸೂರಿ ವಿಶ್ವವಿದ್ಯಾಲಯದ ಹೊಲದ ಮಣ್ಣಿನಲ್ಲಿದ್ದ ಜೀವಿಯಿಂದ ಅದನ್ನು ಪಡೆದವರು ಬೆಂಜಮಿನ್ ಡಗ್ಗರ್. ಆ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ನಿರ್ದೇಶಕರಾಗಿದ್ದವರು, ಭೀಮಾವರಂನಲ್ಲಿ ಹುಟ್ಟಿ 1923ರಲ್ಲಿ ಅಮೆರಿಕಕ್ಕೆ ಬಂದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಹಾಗೆ ಕಡಲು ದಾಟಿ ಬಂದ ಭಾರತೀಯನೊಬ್ಬನ ಪಾತ್ರ ಈ ಚರಿತ್ರೆಯಲ್ಲಿ ಇಷ್ಟು ದೊಡ್ಡದಾಗಿರುವುದು ಹೆಮ್ಮೆಯ ಸಂಗತಿ. ಆದರೆ 1950ರ ದಶಕ ಮುಗಿಯುವ ಮುನ್ನವೇ ಆ ವರ್ಗದ ಔಷಧಗಳನ್ನೂ ಮೀರಿದ ಸ್ಟಫಿಲೊಕಾಕಸ್ ಆಸ್ಪತ್ರೆಗಳಲ್ಲಿ ನೆಲೆಯೂರಿತ್ತು. ಹೆರಿಗೆ ವಾರ್ಡುಗಳ ಹಸುಳೆಗಳನ್ನೂ ಬಾಣಂತಿಯರನ್ನೂ ಕಾಡಿದ ‘80/81’ ಎಂಬ ತಳಿ ಆಸ್ಟ್ರೇಲಿಯದಲ್ಲಿ ಮೊದಲು ಗುರುತಿಸಲ್ಪಟ್ಟು ಕೆನಡಾ, ಬ್ರಿಟನ್, ಅಮೆರಿಕಗಳಲ್ಲಿಯೂ ಕಾಣಿಸಿಕೊಂಡಿತು.

ಆಗ ವಿಜ್ಞಾನಿಗಳು ಬ್ಯಾಕ್ಟೀರಿಯಾದ ಕಿಣ್ವ ಒಡೆಯಲಾಗದಂಥ ಪೆನಿಸಿಲಿನ್ನನ್ನು ರೂಪಿಸಿದರು. ಮೆಥಿಸಿಲಿನ್ ಎಂಬ ಅದು 1960ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. ಮರುವರ್ಷವೇ, 1961ರಲ್ಲಿ, ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯದ ಪೆಟ್ರೀಷಿಯಾ ಜೆವನ್ಸ್, ಐದು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ ಒಂದೇ ಆಸ್ಪತ್ರೆಯಿಂದ ಬಂದ ಮೂರು ಮಾದರಿಗಳು ಮೆಥಿಸಿಲಿನ್ನಿಗೂ ಮಣಿಯಲಿಲ್ಲವೆಂದು ವರದಿ ಮಾಡಿದರು. ಈ ಬಾರಿ ಬ್ಯಾಕ್ಟೀರಿಯಾ ಕೀಲಿಕೈಯನ್ನು ಮುರಿದಿರಲಿಲ್ಲ, ಬೀಗವನ್ನೇ ಬದಲಾಯಿಸಿತ್ತು. ಔಷಧ ಹೋಗಿ ಅಂಟಿಕೊಳ್ಳಬೇಕಾದ ಪ್ರೋಟೀನನ್ನೇ ಬೇರೆಯಾಗಿಸಿಕೊಂಡಿತ್ತು. ಇಂದು ಎಂಆರ್‌ಎಸ್‌ಎ ಎಂದು ಜಗತ್ತೆಲ್ಲ ಅಂಜುವ ರೋಗಾಣು ಇದೇ. ಕಾಪಿಟ್ಟಿದ್ದ ಆ ಹಳೆಯ ಮಾದರಿಗಳ ವಂಶವಾಹಿಗಳನ್ನು ಓದಿದ ವಿಜ್ಞಾನಿಗಳು 2017ರಲ್ಲಿ ಒಂದು ಸೋಜಿಗದ ಸಂಗತಿಯನ್ನು ಪ್ರಕಟಿಸಿದರು. ಆ ತಳಿ ಈ ಗುಣವನ್ನು ಪಡೆದದ್ದು 1940ರ ದಶಕದ ನಡುವಿನಲ್ಲಿ. ಅಂದರೆ ಮೆಥಿಸಿಲಿನ್ ಹುಟ್ಟುವ ಮೊದಲೇ, ಹಳೆಯ ಪೆನಿಸಿಲಿನ್ನಿನ ವ್ಯಾಪಕ ಬಳಕೆಯ ಒತ್ತಡದಲ್ಲಿ. ಇಂದಿನ ದುಂದುವೆಚ್ಚ ನಾಳೆಯ ಔಷಧವನ್ನು ಅದು ಬರುವ ಮುನ್ನವೇ ತಿಂದುಹಾಕುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಮುಂದಿನ ಅಧ್ಯಾಯಗಳು ಇದೇ ಜಾಡಿನವು. ಬೋರ್ನಿಯೊ ದ್ವೀಪದ ಮಣ್ಣಿನಿಂದ ದೊರೆತು 1958ರಲ್ಲಿ ಅಮೆರಿಕದಲ್ಲಿ ಮಂಜೂರಾದ ವ್ಯಾಂಕೊಮೈಸಿನ್ ದೀರ್ಘಕಾಲ ಕೊನೆಯ ಆಸರೆಯಾಗಿತ್ತು. 2002ರಲ್ಲಿ ಮಿಶಿಗನ್ ರಾಜ್ಯದ, ಸಕ್ಕರೆ ಕಾಯಿಲೆಯಿದ್ದ ರೋಗಿಯೊಬ್ಬರಲ್ಲಿ ಅದನ್ನೂ ಪೂರ್ಣವಾಗಿ ಧಿಕ್ಕರಿಸಿದ ಸ್ಟಫಿಲೊಕಾಕಸ್ ಕಂಡಿತು. ಅವರ ಕಾಲಿನ ಹುಣ್ಣಿನಲ್ಲಿಯೂ ಅದಿತ್ತು. ಬೇರೊಂದು ಜಾತಿಯ ಬ್ಯಾಕ್ಟೀರಿಯಾದಿಂದ ಆ ಗುಣವನ್ನು ಅದು ಎರವಲು ಪಡೆದಿತ್ತು. ಅಂಥ ಪ್ರಕರಣಗಳು ಅನಂತರವೂ ವಿರಳವಾಗಿಯೇ ಉಳಿದಿರುವುದು ಪುಣ್ಯ. 1997ರಿಂದ 1999ರ ಅವಧಿಯಲ್ಲಿ ಮಿನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಲ್ಲಿ ಆಸ್ಪತ್ರೆಯ ಸಂಪರ್ಕವೇ ಇಲ್ಲದ ನಾಲ್ವರು ಮಕ್ಕಳು ಎಂಆರ್‌ಎಸ್‌ಎ ಸೋಂಕಿಗೆ ಬಲಿಯಾದಾಗ, ರೋಗಾಣು ವಾರ್ಡಿನ ಗೋಡೆ ದಾಟಿ ಊರಿಗೆ ಬಂದಿರುವುದು ತಿಳಿಯಿತು. 2003ರ ನಂತರ ಇರಾಕಿನಲ್ಲಿ ಗಾಯಗೊಂಡ ಅಮೆರಿಕದ ಸೈನಿಕರ ಗಾಯಗಳಲ್ಲಿ ಬಹು ಔಷಧಗಳಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಎಂಬ ಬೇರೆ ಬ್ಯಾಕ್ಟೀರಿಯಾ ಕಾಡಿತು. ಬೂಲೋನಿನಲ್ಲಿ ಫ್ಲೆಮಿಂಗ್ ಕಂಡ ದೃಶ್ಯಕ್ಕೆ ಚರಿತ್ರೆ ಮರಳಿ ಬಂದಂತಾಯಿತು. 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಅಂದಾಜಿನಂತೆ, 2019ರ ಒಂದೇ ವರ್ಷದಲ್ಲಿ 12.7 ಲಕ್ಷ ಜನರು ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಸತ್ತರು. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚಿನ ಸಾವು ಎಂಆರ್‌ಎಸ್‌ಎ ಒಂದರಿಂದಲೇ.

ಹಾಗಾದರೆ ಈ ಚರಿತ್ರೆ ಬರಿಯ ಸೋಲಿನದೇ? ಅಲ್ಲ. ಮೇರಿ ಬಾರ್ಬರ್ ಅವರ ಇನ್ನೊಂದು ಕೆಲಸವನ್ನು ನಾನು ಇದುವರೆಗೆ ಹೇಳದೆ ಉಳಿಸಿಕೊಂಡೆ. 1950ರ ದಶಕದ ಕೊನೆಯಲ್ಲಿ ಅವರು ಹ್ಯಾಮರ್‌ಸ್ಮಿತ್‌ನಲ್ಲಿ ಪ್ರತಿಜೀವಕಗಳ ಬಳಕೆಗೆ ಕಟ್ಟುನಿಟ್ಟಿನ ಮಿತಿ ಹಾಕಿಸಿದರು. ಯಾವ ಔಷಧ, ಯಾರಿಗೆ, ಯಾವಾಗ ಎಂಬುದಕ್ಕೆ ನಿಯಮವಾಯಿತು. ಬಗ್ಗದ ಸ್ಟಫಿಲೊಕಾಕಸ್ಸಿನ ಪ್ರಮಾಣ ಇಳಿಯಿತು. 1960ರಲ್ಲಿ ಅವರು ಅದನ್ನು ಅಂಕಿ ಅಂಶಗಳೊಡನೆ ಪ್ರಕಟಿಸಿದರು. ಬ್ರಿಟನ್ನಿನಲ್ಲಿಯೇ 2000ದ ದಶಕದಲ್ಲಿ ಆಸ್ಪತ್ರೆಗಳು ರಕ್ತದ ಎಂಆರ್‌ಎಸ್‌ಎ ಸೋಂಕುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದಾಗಿ, ಕೈತೊಳೆಯುವ ಶಿಸ್ತೂ ಬಿಗಿಯಾದಾಗ ಆ ಸೋಂಕು ಅರ್ಧಕ್ಕಿಂತ ಕೆಳಗಿಳಿಯಿತು. ಭಾರತ ಸರ್ಕಾರವೂ 2014ರ ಮಾರ್ಚಿನಿಂದ ಹಲವು ಪ್ರಮುಖ ಪ್ರತಿಜೀವಕಗಳನ್ನು ‘ಎಚ್1’ ಎಂಬ ಪಟ್ಟಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು ಎಂದು ವಿಧಿಸಿದೆ. ಕಾನೂನು ಇದೆ, ಅದನ್ನು ದಾಟಲು ಅಂಗಡಿಯವನನ್ನು ಒತ್ತಾಯಿಸುವ ಗಿರಾಕಿಗಳಲ್ಲಿ ರಜೆಗೆ ಬಂದ ನಾವೂ ಇದ್ದೇವೆ.

ಮನೆಯ ಮಟ್ಟದಲ್ಲಿ ನಾವು ಮಾಡಬಹುದಾದ ಕೆಲಸಗಳು ಬಹಳ ಸರಳ. ಸಣ್ಣ ಗಾಯವನ್ನು ಕೂಡಲೇ ನೀರು ಮತ್ತು ಸೋಪಿನಿಂದ ತೊಳೆದು ಮುಚ್ಚುವುದು. ಸಕ್ಕರೆ ಕಾಯಿಲೆಯ ಹಿರಿಯರ ಪಾದಗಳನ್ನು ಪ್ರತಿದಿನ ನೋಡುವುದು. ವೈದ್ಯರು ಬರೆದ ಔಷಧವನ್ನು ಅವರು ಹೇಳಿದಷ್ಟು ದಿನ, ಹೇಳಿದಂತೆ ತೆಗೆದುಕೊಳ್ಳುವುದು. ಅವರು ಬೇಡವೆಂದಾಗ ಬಲವಂತ ಮಾಡದಿರುವುದು. ಒಬ್ಬರಿಗೆ ಬರೆದುದನ್ನು ಇನ್ನೊಬ್ಬರಿಗೆ ಕೊಡದಿರುವುದು. ಆಸ್ಪತ್ರೆಯಲ್ಲಿ ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ಮೇಲೆ ಕೈತೊಳೆಯುವುದು.

ಊರ ಕೆರೆಯ ನೀರನ್ನು ಯಾರೂ ತನ್ನದೆಂದು ಬಗೆದು ಬರಿದು ಮಾಡುತ್ತಿರಲಿಲ್ಲ. ಕೆಳಗದ್ದೆಯವನಿಗೂ ಪಾಲಿದೆಯೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಪ್ರತಿಜೀವಕವೂ ಅಂಥ ಸಾಮಾನ್ಯ ಸ್ವತ್ತು. ನಾನು ವ್ಯರ್ಥ ಮಾಡಿದ ಮಾತ್ರೆಯ ಬೆಲೆಯನ್ನು ತೆರುವವರು ಬೇರೆ ಯಾರೋ ಆಗಿರಬಹುದು, ನನ್ನ ತಾಯಿಯೇ ಆಗಿರಬಹುದು.

ಆ ಡಬ್ಬಿಯನ್ನು ನಾನು ಖಾಲಿ ಮಾಡಿ, ಮಾತ್ರೆಗಳನ್ನು ಇಲ್ಲಿನ ಔಷಧದಂಗಡಿಯವರು ಹಳೆಯ ಔಷಧಗಳಿಗೆಂದೇ ಇರಿಸಿರುವ ಪೆಟ್ಟಿಗೆಗೆ ಹಾಕಿ ಬಂದೆ. ಈಗ ಅದರಲ್ಲಿ ಮೆಂತ್ಯ ತುಂಬಿಟ್ಟಿದ್ದೇನೆ. ಸಮ್ಮೇಳನ ಮುಗಿಸಿ ಮನೆಗೆ ಹಿಂತಿರುಗುವ ತಾವೂ ಒಮ್ಮೆ ತಮ್ಮ ಮನೆಯ ಡಬ್ಬಿಯನ್ನು ತೆರೆದು ನೋಡಬೇಕೆಂದು ಎಲ್ಲ ಬಂಧುಗಳಲ್ಲಿ ನನ್ನ ಸವಿನಯ ಪ್ರಾರ್ಥನೆ.